ಇಪ್ಪತ್ತೆಂಟರಲ್ಲಿ ಆನೆ

ಜೂನ್ 23, ಸೋಮವಾರ

ಮತ್ತೆ ನಾರಾಯಣಗೂಡ. ಟ್ಯೂಷನ್ ಸೆಂಟರಿನ ಮೆಟ್ಟಿಲ ಮೇಲೆ ಕಾದೆ. ಹೊರಗೆ ಫ್ಲೆಕ್ಸಿನಲ್ಲಿ ರ್ಯಾಂಕಿನ ಮುಖ, ಒಳಗೆ ಬೆಂಚಿನಲ್ಲಿ ಮಕ್ಕಳ ದುಃಖ. ಅಂಬಾದಾಸ ಸರ್ ಬೀದರಿನವರು. ಕನ್ನಡದಲ್ಲೇ ಬೈದರು... ಈ ತೆಲುಗು-ಹಿಂದಿ ಊರಿನಲ್ಲಿ ಅದೊಂದು ಅನುಕೂಲ.

"ನಿಮ್ಮ ಉಮಾಶ್ರೀಗಿ ಲೆಕ್ಕದ ಕಡಿ ಧ್ಯಾನ ಇಲ್ಲರಿ. ಮಾತು ನೋಡ್ರಿ, ಪಟಪಟ! ಆರನೇ ಕ್ಲಾಸ್ ಓದೋ ಹುಡುಗಿಗಿ ಹೆಚ್ಚು-ಕಮ್ಮಿ ತಿಳಿಯಂಗಿಲ್ಲ ಅಂದ್ರ ಹೆಂಗ್ರಿ?"

ಮಗಳಿಗೆ ಹುಟ್ಟಿನಿಂದಲೇ ಇಪ್ಪತ್ತೆರಡನೇ ಕ್ರೋಮೋಸೋಮಿನ ಒಂದು ಚೂರು ಇಲ್ಲ ಎಂದೆ. ಓದು ಚೆಂದ, ಸಂಖ್ಯೆ ಎಷ್ಟು ದೊಡ್ಡದೆಂಬುದು ಮಾತ್ರ ಹೊಳೆಯುವುದಿಲ್ಲ, ಬೇಗಂಪೇಟೆಯ ಡಾಕ್ಟರೇ ಹೇಳಿದ್ದಾರೆ ಎಂದೆ.

"ಪ್ರಾಕ್ಟೀಸ್ ಮಾಡಸ್ರಿ. ಎಲ್ಲಾ ಬಿಮಾರಿಗಿ ಅದೇ ದವಾ."

ಹೃದಯದ ತೂತಿಗೂ ಈ ಮನುಷ್ಯ ಹೋಂವರ್ಕೇ ಕೊಟ್ಟಾನು.

ಜೂನ್ 29, ಭಾನುವಾರ

ಬುಧವಾರ ಶಾಲೆಯವರೇ ಅವಳನ್ನು ಪರೀಕ್ಷಿಸುತ್ತಾರಂತೆ. ಕಷ್ಟ ನಿಜವೆಂದು ಒಪ್ಪಿದರೆ ಗಣಿತಕ್ಕೆ ಬೇರೆ ಪಾಠ, ಪರೀಕ್ಷೆಗೆ ಕ್ಯಾಲ್ಕುಲೇಟರ್. ಇಲ್ಲವಾದರೆ ಫೇಲು, ಆಮೇಲೆ ಟಿ.ಸಿ. ಡಾಕ್ಟರರ ರಿಪೋರ್ಟ್ ಸಾಲದು. ವೈಸ್ ಪ್ರಿನ್ಸಿಪಾಲ್ ಮೇಡಂಗೆ ಜೀನ್ ಕಣ್ಣಾರೆ ಕಾಣಬೇಕು!

ಅವರ ಮುಂದೆ ಮಗು ಬೆಪ್ಪಾಗಿ ನಿಲ್ಲಬಾರದು. ಮಗ್ಗಿಗೆ ಪ್ರಾಸ ಕಟ್ಟಿ ಕಲಿಸಿದೆ.

ನಾಕೇಳ್ಲೆ ಇಪ್ಪತ್ತೆಂಟು, ಆನೆಗೆ ನಾಕು ಕಾಲುಂಟು.
ಆರೇಳ್ಲೆ ನಲವತ್ತೆರಡು, ಅಕ್ಕಿಯೊಳಗೆ ಕಲ್ಲೆರಡು.

ಸಂಜೆಯೊಳಗೆ ಬಾಯಿಪಾಠ. ಕನ್ನಡ ಮಾಧ್ಯಮದ ನನ್ನ ಬಿ.ಎ. ಸಾರ್ಥಕ.

ಗುಣವತಿ ರೊಟ್ಟಿ ಬಡಿಯುತ್ತ, "ಹಾಡು ಬಂದ್ರ ಲೆಕ್ಕ ಬಂತೇನ್ರಿ?" ಎಂದಳು.

ಹೆಂಡತಿಗೆ ಕಾವ್ಯದ ಗಂಧವಿಲ್ಲ.

ಜುಲೈ 2, ಬುಧವಾರ

ಮೇಡಂ ಕೇಳಿದ್ದೆಲ್ಲ ಮಗ್ಗಿ. ಉಮಾಶ್ರೀ ತುಟಿಯಲ್ಲೇ ಕನ್ನಡದಲ್ಲಿ ಹಾಡಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಒಂದೂ ತಪ್ಪಿಲ್ಲ.

"ಟೇಬಲ್ಸ್ ಪರ್ಫೆಕ್ಟ್! ಕ್ಯಾ ಪ್ರಾಬ್ಲಮ್ ಹೈ ಜೀ? ಬಚ್ಚಿ ಆಲ್ಸಿ ಹೈ, ಬಸ್."

ರಿಯಾಯಿತಿ ಇಲ್ಲ. ಸೋಮಾರಿ ಎಂಬ ಬಿರುದು ಉಚಿತ.

ಉಮಾಶ್ರೀ ಕುಣಿಯುತ್ತ ಬಂದಳು. "ಅಪ್ಪಾ, ಎಲ್ಲಾ ಬರೋಬ್ಬರಿ ಹೇಳ್ದೆ!"

ಆಟೋ ಹಿಮಾಯತ್‌ನಗರ ದಾಟುತ್ತಲೇ ಗುಣವತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಕವಿಗಳಿಗೆ ಶಾಲು ಹೊದಿಸ್ಲೇನ್ರಿ?"

ಜುಲೈ 8, ಮಂಗಳವಾರ

ಕೈಕಾಲು ಹಿಡಿದು ಇನ್ನೊಂದು ಅವಕಾಶ ಪಡೆದೆ. ಮಗ್ಗಿ ಬೇಡ, ಯಾವ ಸಂಖ್ಯೆ ದೊಡ್ಡದು ಎಂದು ಕೇಳಿ ಎಂದೆ. ಮೇಡಂ ಆಕಳಿಸಿದರು.

"ಟ್ವೆಂಟಿ ಎಯ್ಟ್, ಫಾರ್ಟಿ ಟೂ... ಬಡಾ ಕೌನ್ಸಾ?"

"ಟ್ವೆಂಟಿ ಎಯ್ಟ್." ತಡವರಿಸಲೂ ಇಲ್ಲ.

ಯಾಕೆ ಎಂದರು. ಉಮಾಶ್ರೀ ನನ್ನ ಕಡೆ ತಿರುಗಿದಳು. "ಅದರಾಗ ಆನಿ ಐತಲ್ಲಪ್ಪಾ. ಇನ್ನೊಂದ್ರಾಗ ಬರೇ ಕಲ್ಲು."

ನಾನೇ ತರ್ಜುಮೆ ಮಾಡಿ ಹೇಳಿದೆ. ಮೇಡಂ ನಕ್ಕರು. ಅಟೆಂಡರನ್ನೂ ಕರೆದು ನಗಿಸಿದರು. ನಗುತ್ತಲೇ ರಿಯಾಯಿತಿಗೆ ಸಹಿ ಹಾಕಿದರು. ಡಾಕ್ಟರರ ರಿಪೋರ್ಟಿಗೆ ಆಗದ ಕೆಲಸ ಒಂದು ಆನೆಗೆ ಆಯಿತು.

ಗೆದ್ದೆ.

ಅದೇ ದಿನ, ಸಂಜೆ

ಉಮಾಶ್ರೀ ಊಟ ಮುಟ್ಟಿಲ್ಲ.

"ಅವ್ರ್ಯಾಕ ನಕ್ರು? ಆನಿ ನೀನ ಕಲಿಸಿದ್ದಲ್ಲಪ್ಪಾ?"

ಗುಣವತಿ ಶಾಲಿನ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಡಬ್ಬಿಯಿಂದ ಶೇಂಗಾ ತಂದು ನೆಲಕ್ಕೆ ಸುರಿದೆ. ಇಪ್ಪತ್ತೆಂಟರದೊಂದು ಸಾಲು, ನಲವತ್ತೆರಡರದೊಂದು ಸಾಲು, ನಾನೂ ಉಮಾಶ್ರೀಯೂ ಕೂಡಿ ಜೋಡಿಸಿದೆವು. ಪ್ರಾಸವಿಲ್ಲದೆ. ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿದಳು.

"ಆನಿ ಎಲ್ಲಿ ಕುಂತೈತಿ ಅಪ್ಪಾ?"

ನಾನು ಉದ್ದ ಸಾಲಿನ ತುದಿಗೆ ಬೆರಳಿಟ್ಟು, "ಇಲ್ಲಿ, ನಲವತ್ತೆರಡರಲ್ಲಿ" ಎಂದೆ.