ಮಾವನವರ ಎದುರು ಭಾಷಣ

ಶಿಗ್ಗಾಂವ, ಭಾನುವಾರ

ಅಕ್ಕನಿಗೆ ನೀಲಾಂಬಿಕಾಳ ನಮಸ್ಕಾರ.

ಇಲ್ಲಿ ಭಾಷಣ ಕಲಿಯುವವರ ಕೂಟವೊಂದಿದೆ. ನಿನ್ನೆ ಸಂಜೆ ನನ್ನ ಮೊದಲ ಸರದಿ. ಹೆಸರು ಕೂಗಿದರೆಂದು ಎದ್ದು ನಿಂತೆ, ನೋಡಿದರೆ ಮುಂದಿನ ಸಾಲಿನಲ್ಲಿ ಮಾವನವರು. ಗೆಳೆಯರೊಬ್ಬರು ಕರೆತಂದಿದ್ದರಂತೆ. ಮದುವೆಯಾಗಿ ಬಂದಾಗಿನಿಂದ ಅವರೆದುರು ನಾನು ಬಾಯಿ ಬಿಟ್ಟವಳಲ್ಲ. ಅವರೂ ನನಗೆ ಹೇಳುವುದನ್ನೆಲ್ಲ ಅತ್ತೆಯ ಕೈಲೇ ಹೇಳಿಸುತ್ತಾರೆ. ಸೆರಗು ತಾನಾಗಿ ತಲೆಗೇರಿತು.

"ಮಾತಾಡ್ರಿ, ಟೈಮ್ ಹೊಂಟೈತಿ" ಎಂದರು ಗಡಿಯಾರ ಹಿಡಿದು ಕೂತಿದ್ದವರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಮಾವನವರು ಟೊಪ್ಪಿಗೆ ಎತ್ತಿಕೊಂಡು ಹೊರಗೆ ನಡೆದುಬಿಟ್ಟರು. ಸಿಟ್ಟಾದರೆಂದೇ ತಿಳಿದೆ. ಹೋದ ಮಾನ ಹೋಯಿತು ಎಂದುಕೊಂಡು ನಮ್ಮ ಚಿಕ್ಕೇರೂರಿನ ಬಗ್ಗೆ ಹೇಗೋ ನಾಲ್ಕು ಮಾತಾಡಿ ಮುಗಿಸಿದೆ.

ಮನೆಯಲ್ಲಿ ಊಟಕ್ಕೆ ಕೂತಾಗ ಅವರು ತಾಟಿನಿಂದ ತಲೆ ಎತ್ತದೆ ಅತ್ತೆಗೆ ಹೇಳಿದರು: "ಮುಂದಿನ ಸಲ ಸ್ವಲ್ಪ ಜೋರ ಮಾತಾಡಂತ ಅಕಿಗೆ ಹೇಳು. ಬಾಗಲ ಹೊರಗ ನಿಂತ್ರ ಅರ್ಧಾನೂ ಕೇಳಸಂಗಿಲ್ಲ."

ಕಾರ್ಡು ತುಂಬಿತು. ನಾನು ಆರಾಮ ಇದ್ದೇನೆ. ಈ ಕಡೆ ಬರುವವರ ಕೈಯಲ್ಲಿ ಗಂಟಲಿಗೆ ಜ್ಯೇಷ್ಠಮಧು ಕಳಿಸು, ಜಾಸ್ತಿಯೇ ಕಳಿಸು.

ನಿನ್ನ ನೀಲಾ