ಕುಂಕುಮ ಹಚ್ಚಿದ ಲಕೋಟೆ

ಗುಡಗೇರಿ, ೧೯೮೬

ಅಣ್ಣಾ,

ಇವತ್ತು ನಮ್ಮ ಗಿರಣಿಯ ಎಂಜಿನ್ನನ್ನು ಒಡೆದು ಹಾಕಿದೆ. ಅಂಗೈ ಹರಿದು ನೆತ್ತರು ಸುರಿದರೂ ಸುತ್ತಿಗೆ ಬಿಡಲಿಲ್ಲ.

ಖಂಡೇನವಮಿಯ ದಿನ ಎಂಜಿನ್ ಕಂಪನಿಯಿಂದ ನಿನ್ನ ಹೆಸರಿಗೆ ಲಕೋಟೆ ಬಂದಿತ್ತು. ನಿನಗೆ ಹೇಳದೆ, ಬಿಚ್ಚದೆ, ಕುಂಕುಮ ಹಚ್ಚಿ ಎಂಜಿನ್ ಜೊತೆ ಅದಕ್ಕೂ ಪೂಜೆ ಮಾಡಿ, ದೇವರ ಫೋಟೋದ ಹಿಂದೆ ಸಿಕ್ಕಿಸಿ ಮರೆತುಬಿಟ್ಟಿದ್ದೆ. ಇವತ್ತು ವೈನಿಗೆ ಸಿಕ್ಕಿತು. ಮಡಿವಾಳೆಪ್ಪ ಮಾಸ್ತರರು ಆ ಇಂಗ್ಲಿಷ್ ಓದಿ ಹೇಳಿದರು:

“ಈ ಹಳೇ ಎಂಜಿನ್ನಿಗೆ ಇನ್ನ ಸಾಮಾನೂ ಸಿಗಂಗಿಲ್ಲ, ಮಿಸ್ತ್ರಿನೂ ಬರಂಗಿಲ್ಲಂತ. ಚಕ್ರ ಸೀಳ್ತದ, ಬಂದ್ ಮಾಡ್ರಿ ಅಂತ ಬರದಾರ.”

ಅದೇ ಚಕ್ರ ಸೀಳಿ ನಿನ್ನ ಎದೆಗೆ ಬಡಿದು, ನೀನು ಹೋಗಿ ಇಂದಿಗೆ ಹನ್ನೊಂದು ದಿನ.

“ಕುಂಕುಮ ಹಚ್ಚಿ ಇಟ್ಟವ್ರು ಯಾರು?” ವೈನಿ ನನ್ನನ್ನೇ ನೋಡುತ್ತ ಕೇಳಿದರು.

“ಅಣ್ಣನೇ ಇರಬೇಕ್ರಿ, ವೈನಿ” ಅಂದೆ.