ಕ್ಯಾಮೆಲ್‌ಬ್ಯಾಕ್ ತುದಿಯಲ್ಲಿ ಅಪ್ಪ

ಫೀನಿಕ್ಸ್, ಭಾನುವಾರ

ಅಕ್ಕಾ,

ಬೆಳಿಗ್ಗೆ ಕ್ಯಾಮೆಲ್‌ಬ್ಯಾಕ್ ಬೆಟ್ಟ ಹತ್ತುತ್ತಿದ್ದೆ. ತುದಿಯ ಹತ್ತಿರ ಹೆಲಿಕಾಪ್ಟರು ಯಾರನ್ನೋ ಎತ್ತಿಕೊಂಡು ಹೋಯಿತು.

"ಬಿಸಿಲಿಗೆ ಬಿದ್ದುಬಿಟ್ಟ. ಆ ತಾತ ಇಲ್ದಿದ್ರೆ ಸತ್ತೇಹೋಗ್ತಿದ್ದ," ಎಂದು ಇಳಿಯುತ್ತಿದ್ದ ಹೆಂಗಸೊಬ್ಬಳು ಬಂಡೆಯತ್ತ ಕೈ ತೋರಿಸಿದಳು.

ಅಲ್ಲಿ ಬರಿಮೈಯಲ್ಲಿ, ಎದೆಯ ಹೊಲಿಗೆ ಕಾಣುವಂತೆ ಕೂತಿದ್ದವರು ನಮ್ಮಪ್ಪ! ಆಪರೇಷನ್ ಆಗಿ ಮೂರು ತಿಂಗಳೂ ಆಗಿಲ್ಲ. ಇದ್ದ ನೀರಲ್ಲಿ ಅರ್ಧ ಅವನಿಗೆ ಕುಡಿಸಿ, ಉಳಿದದ್ದರಲ್ಲಿ ತಮ್ಮ ಅಂಗಿ ನೆನೆಸಿ ಅವನ ತಲೆಗೆ ಸುತ್ತಿದ್ದರಂತೆ.

"ಚರ್ಚ್‌ಗೆ ಅಂದ್ರಲ್ಲಪ್ಪಾ?"

"ನಿಮ್ಮಕ್ಕನಿಗೆ ಬಾಯಿ ಬಿಟ್ಟೀಯ, ಲೊರೇನ್! ಮಂಚಕ್ಕೆ ಕಟ್ಟಿಹಾಕ್ತಾಳೆ. ಮೊದಲು ನೀರು ಕೊಡು."

ಒಂದೇ ಉಸಿರಿಗೆ ನನ್ನ ಬಾಟಲಿ ಖಾಲಿ ಮಾಡಿದರು. ಇಳಿಯುವಾಗ ಒಂದು ಹೆಜ್ಜೆಗೂ ನನ್ನ ಭುಜ ಬಿಡಲಿಲ್ಲ.

ಡಾಕ್ಟರು ನೋಡಿದ್ದಾರೆ, ಎದೆ ಸರಿಯಿದೆಯಂತೆ. ನೀನೇ ಬಂದು ಬೈ. ನನಗೆ ಬಾಯಿ ಬರುತ್ತಿಲ್ಲ.

ಲೊರೇನ್